ಹಾಯಿದೋಣಿ ನೀರಿಗಿಳಿಯಿತು, ಕೈಜೋಡಿಸಿದ ಎಲ್ಲರಿಗೂ ನಮಸ್ಕಾರ

ಕಳೆದ ಭಾನುವಾರ ಉಬ್ಬರದ ಹೊತ್ತಿಗೆ ನಮ್ಮ ಹಾಯಿದೋಣಿ ಪಂಚಗಂಗಾವಳಿ ಹೊಳೆಗೆ ಇಳಿಯಿತು. ಪಡುಗಾಳಿಗೆ ಕೆಂಪು ಹಾಯಿ ತುಂಬಿಕೊಂಡು ಗಂಗೊಳ್ಳಿ ಕಡೆ ಸಾಗಿದಾಗ ದಡದಲ್ಲಿ ನಿಂತು ಕೂಗಿ ಹರಸಿದವರೆಲ್ಲ ಅದಕ್ಕೆ ಒಂದಲ್ಲ ಒಂದು ಕೆಲಸ ಮಾಡಿಕೊಟ್ಟವರೇ. ಗಡಿಬಿಡಿಯಲ್ಲಿ ಯಾರಿಗೂ ಬಾಯ್ತುಂಬ ಹೇಳಲಾಗಲಿಲ್ಲ, ಈಗ ಹೇಳುತ್ತೇನೆ.

ಮೊದಲ ನಮಸ್ಕಾರ ಮರಗೆಲಸದ ನಮ್ಮ ಆಚಾರ್ರಿಗೆ. ನಾವು ಹಿಡಿದದ್ದು ಮಿರರ್ ದೋಣಿಯ ದಾರಿ. ಸಾಮಾನ್ಯ ಜನ ಮನೆಯಲ್ಲೇ ಕಟ್ಟಿಕೊಳ್ಳಲೆಂದು ಜಾಕ್ ಹೋಲ್ಟ್, ಬ್ಯಾರಿ ಬಕ್‌ನೆಲ್ ಇಬ್ಬರೂ ಸೇರಿ ರೂಪಿಸಿ, 1963ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ದೋಣಿ ಅದು. ಉದ್ದ 11 ಅಡಿಗೆ ತುಸು ಕಡಿಮೆ. ಪ್ಲೈವುಡ್ಡಿನ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಲ್ಲಿ ಹೊಲಿದು, ಸಂದಿಗೆ ಅಂಟು ಮತ್ತು ಫೈಬರ್‌ಗ್ಲಾಸ್ ಪಟ್ಟಿ ಕೂರಿಸುವುದು. ನಕ್ಷೆ ನೋಡಿದ ಆಚಾರ್ರು, "ಇದ್ರಲ್ಲಿ ಹೊಸ್ತ್ ಎಂತ ಮಾರಾಯ್ರೆ? ನಮ್ಮಜ್ಜ ಹಗ್ಗದಲ್ಲೇ ಹೊಲೀತಿದ್ರು" ಅಂದರು. ನಿಜವೇ, ಈ ಕರಾವಳಿಯಲ್ಲಿ ಹಿಂದೆ ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ದೋಣಿ ಕಟ್ಟುತ್ತಿದ್ದರು.

ತಂತಿ ಬಿಗಿದ ದಿನ ಅವರು ದೋಣಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಹಿಂಬದಿವರೆಗೆ ದಿಟ್ಟಿಸಿದರು. ಎದ್ದು ಬಂದು ಹೆಬ್ಬೆರಳಲ್ಲಿ ಸಂದಿಯುದ್ದಕ್ಕೂ ಸವರಿ, ಎಡಮಗ್ಗುಲ ಎರಡು ತಂತಿಗಳನ್ನು ಇಕ್ಕಳದಲ್ಲಿ ಅರ್ಧ ಸುತ್ತು ಸಡಿಲಿಸಿದರು. ದೋಣಿಯ ಮೈ ನೇರವಾಗಿ ಕೂತಿತು. ಸಂದಿಗೆ ಹಾಕುವ ಎಪಾಕ್ಸಿ ಅಂಟು ಗಟ್ಟಿಯಾದ ಮೇಲೆ ಸೊಟ್ಟ ತಿದ್ದಲು ಬರುವುದಿಲ್ಲ. ಆ ಅರ್ಧ ಸುತ್ತಿನ ಋಣ ನಾನು ತೀರಿಸಲಾರೆ.

ಐಎಸ್ 710 ಗುರುತಿನ, ನೀರು ತಾಳುವ ಮರೈನ್ ಪ್ಲೈವುಡ್ಡನ್ನೇ ತರಿಸಿಕೊಟ್ಟ ಅಂಗಡಿಯವರು, ಪರೀಕ್ಷೆಗೆಂದು ಒಂದು ತುಂಡನ್ನೂ ಕೊಟ್ಟರು. ಅತ್ತೆಯವರು ಅದನ್ನು ಬಚ್ಚಲ ಹಂಡೆಯಲ್ಲಿ ಇಡೀ ದಿನ ಕುದಿಸಿದರು. ಪದರ ಬಿಡಲಿಲ್ಲ. ಮಳೆಗಾಲದ ತೇವಕ್ಕೆ ಎಪಾಕ್ಸಿಯ ಮೇಲೆ ಜಿಗುಟು ಪೊರೆ ಬರುತ್ತದೆ. ಅದಕ್ಕಾಗಿ ಇಡೀ ಚಾವಡಿ ಬಿಟ್ಟುಕೊಟ್ಟು, ಆ ವಾಸನೆಯನ್ನೂ ಸಹಿಸಿದ್ದು ಅವರೇ.

ಕುಂದಾಪುರದಲ್ಲಿ ಶಾಮಿಯಾನ ಹೊಲಿಯುವ ಅಣ್ಣನಿಗೆ ಏನು ಹೇಳಲಿ! ಹಾಯಿ ಚಪ್ಪಟೆಯಾಗಿದ್ದರೆ ಸಾಲದು, ಅದಕ್ಕೆ ಹೊಟ್ಟೆ ಬೇಕು. ಬಟ್ಟೆಯ ಪಟ್ಟಿಗಳ ಅಂಚನ್ನು ಒಂದಿಷ್ಟೇ ಬಾಗಿಸಿ ಕತ್ತರಿಸಿ ಕೂಡಿಸಿದರೆ ಆ ಹೊಟ್ಟೆ ಬರುತ್ತದೆ. ಬಾಗು ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಪ್ಪಿಗೆಯಾಗುವವರೆಗೆ ಕತ್ತರಿ ಮುಟ್ಟಲಿಲ್ಲ ಅವರು.

ಜೂನ್, ಜುಲೈಯ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ರಜೆಯಲ್ಲಿದ್ದ ಬೋಟಿನ ಹುಡುಗರು ಕರೆದಾಗಲೆಲ್ಲ ಬಂದು ದೋಣಿ ಮಗುಚಿ ಹಾಕಿಕೊಟ್ಟರು, ಹಗ್ಗದ ಗಂಟು ಕಲಿಸಿದರು. ಹಾಯಿಯ ಮೇಲ್ಗಳುವಿಗೆ ಹಿತ್ತಿಲ ಬಿದಿರು ಕಡಿದುಕೊಟ್ಟ ಪಕ್ಕದ ಮನೆ ಅಣ್ಣಯ್ಯ, ಬೆಂಗಳೂರಿನಿಂದ ಫೈಬರ್‌ಗ್ಲಾಸ್ ಪಟ್ಟಿ ಕಳಿಸಿದ ತಂಗಿ, ನಿಮಗೂ ತುಂಬು ಮನಸ್ಸಿನ ಧನ್ಯವಾದ.

ಹಲಗೆ ಕತ್ತರಿಸಿದ ಅಚ್ಚುಗಳನ್ನು ಆಚಾರ್ರ ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ. ಯಾರಿಗಾದರೂ ದೋಣಿ ಕಟ್ಟುವ ಮನಸ್ಸಿದ್ದರೆ ಬಂದು ಅಳತೆ ತೆಗೆದುಕೊಳ್ಳಿ. ತಂತಿ ಬಿಗಿಯುವ ದಿನ ಕರೆಯಿರಿ, ಇಕ್ಕಳ ಹಿಡಿದು ಬರುತ್ತೇನೆ.