ತಲೆಯ ಮೇಲೆ ತೂಗುವ ಆಂಕರ್‌ಗಳು: ಲೋಕೋಪಯೋಗಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಲೋಕೋಪಯೋಗಿ ಸಚಿವರಿಗೆ ನಮಸ್ಕಾರಗಳು.

ಗಟ್ಟಿಯಾದ ಕಾಂಕ್ರೀಟಿನಲ್ಲಿ ರಂಧ್ರ ಕೊರೆದು, ಎಪಾಕ್ಸಿಯಂಥ ಅಂಟು ತುಂಬಿ, ಉಕ್ಕಿನ ಸರಳು ಕೂರಿಸುವುದನ್ನು ನಾವು ಸೈಟಿನಲ್ಲಿ ಕೆಮಿಕಲ್ ಆಂಕರ್ ಎನ್ನುತ್ತೇವೆ. ಹಳೆಯ ಕಂಬಕ್ಕೆ ಹೊಸ ತೊಲೆ ಸೇರಿಸಲು, ಛಾವಣಿಯಿಂದ ಭಾರದ ಪೈಪುಗಳನ್ನು ತೂಗುಹಾಕಲು ಇದನ್ನೇ ನೆಚ್ಚಿಕೊಂಡಿದ್ದೇವೆ.

2006ರ ಜುಲೈ 10ರಂದು ಅಮೆರಿಕದ ಬಾಸ್ಟನ್ನಿನ ಸುರಂಗವೊಂದರಲ್ಲಿ ಸುಮಾರು 26 ಟನ್ ಭಾರದ ಕಾಂಕ್ರೀಟ್ ಚಾವಣಿ ಕಾರಿನ ಮೇಲೆ ಬಿದ್ದು ಒಬ್ಬ ಮಹಿಳೆ ಸತ್ತರು. ಆ ಚಾವಣಿಯನ್ನು ಹಿಡಿದಿದ್ದ ಇಂಥ ಆಂಕರ್‌ಗಳನ್ನು ಕೂರಿಸಿದಾಗ ಎಳೆದು ಪರೀಕ್ಷಿಸಲಾಗಿತ್ತು. ಕೆಲವು ನಿಮಿಷಗಳ ಎಳೆತವನ್ನು ತಾಳಿದ ಅಂಟು, ವರ್ಷಗಟ್ಟಲೆ ಬಿಡದೆ ಜಗ್ಗಿದ ಭಾರಕ್ಕೆ ಕೂದಲೆಳೆಯಷ್ಟೇ ಜಾರುತ್ತಾ ಕೊನೆಗೆ ಕೈಬಿಟ್ಟಿತು. ಎಂಜಿನಿಯರರು ಇದನ್ನು ಕ್ರೀಪ್ ಎನ್ನುತ್ತಾರೆ. 2012ರ ಡಿಸೆಂಬರಿನಲ್ಲಿ ಜಪಾನಿನ ಸಸಾಗೊ ಸುರಂಗದ ಚಾವಣಿ ಕುಸಿದು ಒಂಬತ್ತು ಜನ ಸತ್ತರು. ಅಲ್ಲಿಯೂ ಚಾವಣಿಯನ್ನು ಹಿಡಿದಿದ್ದದ್ದು ಅಂಟಿನ ಬೋಲ್ಟುಗಳೇ.

ಕಾಂಕ್ರೀಟ್ ಕಟ್ಟಡಗಳ ವಿನ್ಯಾಸಕ್ಕೆ ಅಮೆರಿಕದಲ್ಲಿರುವ ಎಸಿಐ 318 ಸಂಹಿತೆ 2011ರಲ್ಲಿ ಅಂಟಿನ ಆಂಕರ್‌ಗಳನ್ನು ಒಳಗೊಂಡಿತು. ಅದರ ಪ್ರಕಾರ ನಿರಂತರ ಎಳೆತವಿದ್ದರೆ ಅಂಟಿನ ವಿನ್ಯಾಸ ಬಲದ ಶೇ 55ರಷ್ಟನ್ನು ಮಾತ್ರ ನಂಬಬೇಕು. ಅಂಥ ಆಂಕರನ್ನು ಅಡ್ಡಲಾಗಿ ಅಥವಾ ಮೇಲ್ಮುಖವಾಗಿ ಕೂರಿಸುವ ಕಾರ್ಮಿಕ ಬರೆದೂ ಮಾಡಿಯೂ ತೋರಿಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು, ಕೆಲಸ ಮುಗಿಯುವವರೆಗೆ ತಪಾಸಣೆ ಇರಬೇಕು. ಕಾಂಕ್ರೀಟಿಗೆ ಕೂರಿಸುವ ಆಂಕರ್‌ಗಳ ಯುರೋಪಿನ ಸಂಹಿತೆ ಇಎನ್ 1992-4 ಹಿಡಿದ ದಾರಿ ಬೇರೆ. ಅಲ್ಲಿ ಪ್ರತಿ ಉತ್ಪನ್ನಕ್ಕೂ ತಾಂತ್ರಿಕ ಮೌಲ್ಯಮಾಪನ ಪತ್ರವಿರುತ್ತದೆ. ನಿರಂತರ ಭಾರವಿದ್ದಾಗ ಅಂಟಿನ ಬಲವನ್ನು ತಗ್ಗಿಸಲು ಬಳಸುವ ಗುಣಕ ಅದರಲ್ಲಿ ನಮೂದಾಗಿರದಿದ್ದರೆ 0.6 ಎಂದು ಹಿಡಿಯಬೇಕು. ಒಂದು ಕಡೆ ಕೂರಿಸುವ ಕೈಗೆ ಹೆಚ್ಚು ಒತ್ತು, ಇನ್ನೊಂದು ಕಡೆ ಉತ್ಪನ್ನದ ಪತ್ರಕ್ಕೆ. ನನಗೆ ಅಮೆರಿಕದ ಹಟವೇ ಹೆಚ್ಚು ಸರಿ ಎನಿಸುತ್ತದೆ, ಏಕೆಂದರೆ ನಮ್ಮಲ್ಲಿ ಕೆಲಸ ಕೆಡುವುದು ರಂಧ್ರದೊಳಗೆ.

ನಾವು ದಶಕಗಳಿಂದ ಅನುಸರಿಸಿದ ಭಾರತದ ಕಾಂಕ್ರೀಟ್ ಸಂಹಿತೆ ಐಎಸ್ 456:2000ರಲ್ಲಿ ಈ ಆಂಕರ್‌ಗಳ ವಿನ್ಯಾಸಕ್ಕೆ ಅಧ್ಯಾಯವಿಲ್ಲ. ಹಾಗಾಗಿ ವಿನ್ಯಾಸಕಾರರು ಯುರೋಪಿನ ಪತ್ರದಿಂದ ಬಲದ ಅಂಕಿಯನ್ನು ತೆಗೆದುಕೊಳ್ಳುತ್ತಾರೆ. ಆ ಅಂಕಿ ನಿಜವಾಗುವುದು ರಂಧ್ರವನ್ನು ಅದೇ ಪತ್ರ ಹೇಳಿದ ಕ್ರಮದಲ್ಲಿ ಊದಿ, ಬ್ರಷ್‌ನಿಂದ ಉಜ್ಜಿ, ಮತ್ತೆ ಊದಿದಾಗ ಮಾತ್ರ. ನಾನು ದುಡಿದ ಒಂದು ಸೈಟಿನಲ್ಲಿ ಹುಡುಗನೊಬ್ಬ ಧೂಳು ತುಂಬಿದ ರಂಧ್ರಕ್ಕೇ ಅಂಟು ಸುರಿಯುತ್ತಿದ್ದ. ಟ್ಯೂಬಿನ ಮೇಲಿದ್ದ ಇಂಗ್ಲಿಷ್ ಸೂಚನೆ ಅವನಿಗೆ ಓದಲು ಬರುತ್ತಿರಲಿಲ್ಲ. ಅವನಿಗೆ ಯಾರೂ ಕಲಿಸಿರಲಿಲ್ಲ. ಆ ರಂಧ್ರಗಳನ್ನು ಮತ್ತೆ ಕೊರೆಸಿದೆವು, ಆದರೆ ಅದಕ್ಕೆ ಮುಂಚೆ ಮುಗಿದಿದ್ದವುಗಳ ಒಳಗೆ ಏನಿದೆ ಎಂದು ನೋಡುವುದು ಹೇಗೆ?

ತಮ್ಮ ಇಲಾಖೆಯ ಟೆಂಡರ್‌ಗಳಲ್ಲಿ ಉತ್ಪನ್ನದ ಹೆಸರಿನ ಮುಂದೆ ಬರೆಯುವ 'ಅಥವಾ ತತ್ಸಮಾನ' ಎಂಬ ಸಾಲಿಗೆ ನಿಲ್ಲದೆ, ಯಾವ ಸಂಹಿತೆಯ ಪ್ರಕಾರ ವಿನ್ಯಾಸ ಎಂಬುದನ್ನು ಬರೆಸಿ. ಅಂಕಿ ಯಾವ ಸಂಹಿತೆಯದೋ ಕೂರಿಸುವ ಕ್ರಮವೂ ಅದರದ್ದೇ ಆಗಿರಲಿ. ತಲೆಯ ಮೇಲೆ ನಿರಂತರ ಭಾರ ಹೊರುವ ಆಂಕರ್‌ಗಳನ್ನು ತರಬೇತಿ ಪಡೆದವರೇ ಎಂಜಿನಿಯರರ ಕಣ್ಣೆದುರು ಕೂರಿಸುವಂತೆ ಷರತ್ತು ಹಾಕಿಸಿ. ತರಬೇತಿ ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಇರಲಿ.

ಇತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಸೈಟ್ ಎಂಜಿನಿಯರ್