ಟ್ರಯಲ್ಸ್ ಬೈಕು ಕೊಳ್ಳಲು ಹೊರಟಿರುವ ಗೆಳೆಯನಿಗೆ

ಸ್ಕಿಪ್ಟನ್, ಉತ್ತರ ಯಾರ್ಕ್‌ಶೈರ್

ಪ್ರಿಯ ಗೆಳೆಯಾ,

ನೀನು ಕಳಿಸಿದ ಮೂರು ಸೆಕೆಂಡ್ ಹ್ಯಾಂಡ್ ಟ್ರಯಲ್ಸ್ ಬೈಕುಗಳ ಜಾಹೀರಾತುಗಳನ್ನೂ ನಿಧಾನವಾಗಿ ನೋಡಿದ್ದೇನೆ. ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ಬಿಡಿಸಿ ಬರೆಯುತ್ತೇನೆ. ಹೊಸ ಸ್ಟಿಕ್ಕರ್ ಹಚ್ಚಿ ಫಳಫಳ ಹೊಳೆಯುತ್ತಿರುವ ಆ 300 ಸಿಸಿ ಗ್ಯಾಸ್‌ಗ್ಯಾಸ್ ನಿನಗೆ ಬೇಡ. ಹಳೆಯ ಕಾಲದ ಸ್ಪ್ಯಾನಿಷ್ ಗಾಡಿ ಬುಲ್ಟಾಕೊ ಶೆರ್ಪಾ ಈಗಲೇ ಬೇಡ. ಮೂರನೆಯದು, ಗೀಚಿದ ಮಡ್‌ಗಾರ್ಡ್‌ನ, ಫೋಟೋದಲ್ಲೂ ಅಷ್ಟೇನೂ ಚೆನ್ನಾಗಿ ಕಾಣದ ಬೀಟಾ ಇವೋ 200 ಇದೆಯಲ್ಲ, ಅದನ್ನು ಹೋಗಿ ನೋಡು. ಕೊಂಡೇಬಿಡು ಎಂದು ಹೇಳುತ್ತಿಲ್ಲ, ನೋಡು ಎನ್ನುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಟ್ರಯಲ್ಸ್ ಬೈಕಿನಲ್ಲಿ ಇಸವಿಗಿಂತಲೂ ಸಿಸಿಗಿಂತಲೂ ದೊಡ್ಡ ಪ್ರಶ್ನೆ ಒಂದಿದೆ. ಹಿಂದಿನ ಮಾಲೀಕ ಅದನ್ನು ಹೇಗೆ ನೋಡಿಕೊಂಡಿದ್ದಾನೆ ಎಂಬುದೇ ಆ ಪ್ರಶ್ನೆ, ಅದಕ್ಕೆ ಉತ್ತರ ಗಾಡಿಯ ಕಣ್ಣಿಗೆ ಬೀಳದ ಜಾಗಗಳಲ್ಲಿ ಇರುತ್ತದೆ.

300 ಸಿಸಿ ಏಕೆ ಬೇಡ ಎಂಬುದು ಈ ಆಟದ ಲೆಕ್ಕದಿಂದಲೇ ತಿಳಿಯುತ್ತದೆ. ಟ್ರಯಲ್ಸ್‌ನಲ್ಲಿ ವೇಗಕ್ಕೆ ಬಹುಮಾನವಿಲ್ಲ. ಬಂಡೆ, ತೊರೆ, ಕೆಸರಿನ ದಿಬ್ಬಗಳ ನಡುವೆ ಗುರುತು ಹಾಕಿದ ಒಂದು ಸೆಕ್ಷನ್ ಇರುತ್ತದೆ, ಅದನ್ನು ನೆಲಕ್ಕೆ ಕಾಲು ತಾಗಿಸದೆ ದಾಟಬೇಕು. ಒಮ್ಮೆ ಕಾಲೂರಿದರೆ 1 ಅಂಕ, ಎರಡು ಸಲಕ್ಕೆ 2, ಮೂರು ಅಥವಾ ಅದಕ್ಕಿಂತ ಹೆಚ್ಚು ಸಲಕ್ಕೆ 3, ಬಿದ್ದರೆ ಅಥವಾ ಗಡಿ ದಾಟಿದರೆ 5. ದಿನದ ಕೊನೆಗೆ ಅತಿ ಕಡಿಮೆ ಅಂಕ ಪಡೆದವನು ಗೆಲ್ಲುತ್ತಾನೆ. ನಡೆದು ಹೋಗುವಷ್ಟೇ ನಿಧಾನವಾಗಿ ತಿರುಗುವಾಗ ಆಕ್ಸಿಲರೇಟರ್ ಹಿಡಿದ ಕೈ ತುಸು ಅಲುಗಿದರೂ 300 ಸಿಸಿಯ ಎಂಜಿನ್ ಮುಂದಿನ ಚಕ್ರವನ್ನು ಎತ್ತಿ ನಿನ್ನನ್ನು ಹಿಂದಕ್ಕೆ ಕೆಡವಬಲ್ಲದು. ಅದು ಅನುಭವಿಗಳು ಆಳೆತ್ತರದ ಬಂಡೆ ಏರಲು ಬಳಸುವ ಶಕ್ತಿ, ಕಲಿಯುವವನು ಅದಕ್ಕೆ ಹೆದರುತ್ತಲೇ ದಿನ ಕಳೆಯುತ್ತಾನೆ. ಹಾಗೆಂದು 125ಕ್ಕೂ ಹೋಗಬೇಡ. ನಿಧಾನವಾಗಿ ಓಡುವಾಗ ಎಳೆತ ಕಡಿಮೆಯಿರುವ ಆ ಎಂಜಿನನ್ನು ಸದಾ ಕ್ಲಚ್ಚಿನ ಮೇಲೆಯೇ ಓಡಿಸಬೇಕಾಗುತ್ತದೆ, ಅದಕ್ಕೆ ಬೇಕಾದ ಹಿಡಿತ ನಮ್ಮಂಥ ವಯಸ್ಕರಿಗೆ ಮೊದಲ ವರ್ಷದಲ್ಲಿ ಬರುವುದಿಲ್ಲ. ನಿನ್ನ ತೂಕಕ್ಕೆ 200 ಸರಿ, ಅಥವಾ ಮೃದುವಾಗಿ ಟ್ಯೂನ್ ಮಾಡಿದ 250. ಆಕ್ಸಿಲರೇಟರ್ ನಿಧಾನವಾಗಿ ತೆರೆಯುವಂತೆ ಮಾಡುವ ಥ್ರಾಟಲ್ ಟ್ಯೂಬ್ ಕೆಲವೇ ಪೌಂಡಿಗೆ ಸಿಗುತ್ತದೆ, ಅದನ್ನು ಹಾಕಿಸಿದರೆ 250 ಕೂಡ ಸಾಧುವಾಗುತ್ತದೆ. ಬೀಟಾ ರೆವ್-3, ಶೆರ್ಕೊ 2.5, ಗ್ಯಾಸ್‌ಗ್ಯಾಸ್ ಟಿಎಕ್ಸ್‌ಟಿ ಪ್ರೊ ಇವುಗಳಲ್ಲಿ ಯಾವುದಾದರೂ ಚೆನ್ನಾಗಿರುವುದು ಕಂಡರೆ ನನಗೆ ತಿಳಿಸು. 2005ರಿಂದ ಬಂದಿರುವ ಮಾಂಟೆಸಾ 4ಆರ್‌ಟಿ ಹೋಂಡಾದ ಫೋರ್ ಸ್ಟ್ರೋಕ್ ಎಂಜಿನ್ನಿನದು, ಬ್ಯಾಟರಿಯೇ ಇಲ್ಲದೆ ಫ್ಯುಯೆಲ್ ಇಂಜೆಕ್ಷನ್ ನಡೆಸುವ ಗಟ್ಟಿ ಗಾಡಿ. ಆದರೆ ಅದರ ಬೆಲೆ ಇಳಿಯುವುದೇ ಇಲ್ಲ, ಮತ್ತು ನೀನು ಟೂ ಸ್ಟ್ರೋಕಿನಲ್ಲಿ ಕೈ ಪಳಗಿಸಿಕೊಂಡವನು.

ಬುಲ್ಟಾಕೊ ಮೇಲಿನ ನಿನ್ನ ಆಸೆ ನನಗೆ ಅರ್ಥವಾಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳ ಸದ್ದಿನಲ್ಲಿ ಬೆಳೆದವರು ನಾವು, ಆ ದುಂಡನೆಯ ಟ್ಯಾಂಕು, ಎರಡು ಶಾಕ್ ಅಬ್ಸಾರ್ಬರ್, ಟೂ ಸ್ಟ್ರೋಕಿನ ಹೊಗೆಯ ವಾಸನೆ ಎಲ್ಲವೂ ಯೆಜ್ಡಿಯನ್ನೇ ನೆನಪಿಸುತ್ತವೆ. ಬೆಲ್‌ಫಾಸ್ಟಿನ ಸ್ಯಾಮಿ ಮಿಲ್ಲರ್ 1965ರಲ್ಲಿ ಬುಲ್ಟಾಕೊ ಏರಿ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಎಂಬ ಆರು ದಿನಗಳ ಸ್ಪರ್ಧೆ ಗೆದ್ದದ್ದು ಈ ಕ್ರೀಡೆಯ ದಿಕ್ಕನ್ನೇ ಬದಲಿಸಿತು, ಭಾರದ ಬ್ರಿಟಿಷ್ ಫೋರ್ ಸ್ಟ್ರೋಕುಗಳ ಕಾಲ ಅಲ್ಲಿಂದ ಮುಗಿಯುತ್ತಾ ಬಂತು. ನಮ್ಮ ಪಕ್ಕದ ಸಿಲ್ಸ್‌ಡನ್ ಊರಿನ ಲ್ಯಾಂಪ್ಕಿನ್ ಮನೆತನದ ಮಾರ್ಟಿನ್ 1975ರ ಮೊತ್ತಮೊದಲ ವಿಶ್ವ ಚಾಂಪಿಯನ್‌ಶಿಪ್ ಗೆದ್ದದ್ದೂ ಬುಲ್ಟಾಕೊ ಮೇಲೆಯೇ. ಅವರ ಮಗ ಡೂಗಿ 1997ರಿಂದ 2003ರವರೆಗೆ ಸತತವಾಗಿ ಏಳು ಸಲ ಹೊರಾಂಗಣದ ವಿಶ್ವ ಚಾಂಪಿಯನ್ ಆದರು. ಇಂಥ ಸೀಮೆಯಲ್ಲಿ ಬುಲ್ಟಾಕೊವನ್ನು ಗೌರವಿಸದವರಿಲ್ಲ. ಆದರೂ ಅದು ಮೊದಲ ಗಾಡಿಯಾಗಬಾರದು. ಡ್ರಮ್ ಬ್ರೇಕು ಒದ್ದೆಯಾದರೆ ಹಿಡಿಯುವುದಿಲ್ಲ, ಇಂದಿನ ಬೈಕುಗಳಿಗಿಂತ ತೂಕ ಹೆಚ್ಚು, ಮತ್ತು ಬಿಡಿಭಾಗ ಹುಡುಕುವುದೇ ಒಂದು ಹವ್ಯಾಸವಾಗಿಬಿಡುತ್ತದೆ. ಓಡಿಸಲು ಕಲಿತ ಮೇಲೆ ಅದನ್ನು ಕೊಳ್ಳು, ನಾನೇ ಜೊತೆಗೆ ಬರುತ್ತೇನೆ.

ಈಗ ನೋಡುವ ವಿಧಾನಕ್ಕೆ ಬರುತ್ತೇನೆ. ಮಾರುವವನಿಗೆ ಮುಂಚಿತವಾಗಿಯೇ ಫೋನ್ ಮಾಡಿ, ನಾನು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ವಿನಂತಿಸು. ಹೋದ ತಕ್ಷಣ ಸಿಲಿಂಡರ್ ಮೇಲೆ ಅಂಗೈ ಇಡು, ಅದು ತಣ್ಣಗಿರಬೇಕು. ಬಿಸಿಯಿದ್ದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಸತಾಯಿಸುವ ಗಾಡಿ ಎಂಬ ಅನುಮಾನ ಇಟ್ಟುಕೋ. ಕಿಕ್ಕರನ್ನು ಮೊದಲು ಕೈಯಿಂದ ನಿಧಾನಕ್ಕೆ ಒತ್ತಿ ನೋಡು, ಹಲ್ಲುಗಳು ಜಾರದೆ ಕಚ್ಚಿಕೊಳ್ಳಬೇಕು, ಆಮೇಲೆ ಕಾಲಿನಿಂದ ಒತ್ತಿದಾಗ ಕಂಪ್ರೆಷನ್ ಪಾದಕ್ಕೆ ಎದುರು ನಿಲ್ಲಬೇಕು. ಸ್ಟಾರ್ಟ್ ಆದ ಮೇಲೆ ಮಾತು ನಿಲ್ಲಿಸಿ ಕಿವಿಗೊಡು. ಟೂ ಸ್ಟ್ರೋಕಿನಲ್ಲಿ ಸಣ್ಣ ಕಿಣಿಕಿಣಿ ಸಹಜ. ತಳದಿಂದ ಬರುವ ದಪ್ಪ ಗಡಗಡ ಸದ್ದು ಸಹಜವಲ್ಲ, ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿದ್ದರೆ ಎಂಜಿನ್ನನ್ನೇ ಬಿಚ್ಚಬೇಕಾಗುತ್ತದೆ. ಹಾಗೆಯೇ ಐಡಲ್‌ನಲ್ಲಿ ಬಿಟ್ಟು ಬಿಸಿಯಾಗಲು ಬಿಡು, ರೇಡಿಯೇಟರಿನ ಫ್ಯಾನು ತಾನಾಗಿ ತಿರುಗಬೇಕು. ನಿಂತಲ್ಲೇ ಒದ್ದಾಡುವ ಈ ಆಟದಲ್ಲಿ ಗಾಳಿಯ ಓಟ ಸಿಗುವುದಿಲ್ಲವಾದ್ದರಿಂದ ಫ್ಯಾನ್ ಇಲ್ಲದೆ ಎಂಜಿನ್ ಉಳಿಯುವುದಿಲ್ಲ.

ಬೀಟಾದ ಕ್ಲಚ್ ಬಗ್ಗೆ ಒಂದು ಮಾತು. ತಣ್ಣಗಿದ್ದಾಗ ಅದರ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಗೇರಿಗೆ ಹಾಕಿ, ಕ್ಲಚ್ ಹಿಡಿದು, ಗಾಡಿಯನ್ನು ಹಿಂದೆ ಮುಂದೆ ಅಲುಗಿಸಿದರೆ ಬಿಟ್ಟುಕೊಳ್ಳುತ್ತವೆ. ಇದಕ್ಕೆ ಗಾಬರಿಯಾಗಬೇಡ, ಈ ಕಾರಣಕ್ಕೆ ಬೆಲೆ ಇಳಿಸು ಎಂದು ವಾದಿಸಲೂಬೇಡ. ಬಿಸಿಯಾದ ಮೇಲೂ ಕ್ಲಚ್ ಹಿಡಿದಾಗ ಗಾಡಿ ಮುಂದಕ್ಕೆ ತೆವಳಿದರೆ ಅಥವಾ ಏರಿನಲ್ಲಿ ಎಂಜಿನ್ ಕೂಗಿದರೂ ಚಕ್ರ ತಿರುಗದಿದ್ದರೆ ಮಾತ್ರ ಅದು ದೋಷ. ಕ್ಲಚ್ ಹೈಡ್ರಾಲಿಕ್ ಆಗಿರುವುದರಿಂದ ಅದರಲ್ಲಿ ಯಾವ ದ್ರವ ಹಾಕಿದ್ದಾರೆ ಎಂದೂ ಕೇಳು. ಕೆಲವಕ್ಕೆ ಬ್ರೇಕ್ ಫ್ಲೂಯಿಡ್, ಕೆಲವಕ್ಕೆ ಮಿನರಲ್ ಆಯಿಲ್. ಅದಲುಬದಲಾದರೆ ಒಳಗಿನ ರಬ್ಬರ್ ಸೀಲುಗಳು ಊದಿ ಕೆಡುತ್ತವೆ. ಈ ಪ್ರಶ್ನೆಗೆ ಮಾರುವವನು ತಡವರಿಸದೆ ಉತ್ತರ ಕೊಟ್ಟರೆ ಅವನು ಗಾಡಿಯ ಆರೈಕೆ ತಿಳಿದವನು.

ಇನ್ನು ಗಾಡಿಯ ಕೆಳಗೆ ಬಾ. ಹಿಂದಿನ ಚಕ್ರ ನೆಲದಿಂದ ಮೇಲೇಳುವಂತೆ ಒಂದು ಪೆಟ್ಟಿಗೆಯ ಮೇಲೆ ಬೈಕನ್ನು ನಿಲ್ಲಿಸಿ, ಚಕ್ರದ ಹಿಂಬದಿಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ, ಅತಿ ಮೆಲ್ಲಗೆ, ಮೇಲಕ್ಕೆ ಎತ್ತು. ಜೋರಾಗಿ ಎಳೆದರೆ ಏನೂ ತಿಳಿಯುವುದಿಲ್ಲ. ಶಾಕ್ ಅಬ್ಸಾರ್ಬರ್ ಅಲುಗುವುದಕ್ಕೂ ಮೊದಲು ಬೆರಳ ತುದಿಗೆ 'ಟಕ್' ಎಂಬ ಸಣ್ಣ ಸಡಿಲು ತಾಗಿದರೆ, ಅದು ಲಿಂಕೇಜಿನ, ಅಂದರೆ ಹಿಂದಿನ ಚಕ್ರದ ಚಲನೆಯನ್ನು ಶಾಕ್ ಅಬ್ಸಾರ್ಬರಿಗೆ ಮುಟ್ಟಿಸುವ ಕೀಲುಗಳ, ಬೇರಿಂಗಿನಲ್ಲಿರುವ ಪ್ಲೇ. ಸ್ನೇಹಿತನೊಬ್ಬನನ್ನು ಕರೆದೊಯ್ದು ಅವನ ಬೆರಳನ್ನು ಲಿಂಕೇಜಿನ ಒಂದೊಂದು ಕೀಲಿನ ಮೇಲೆ ಇಡಲು ಹೇಳಿದರೆ ಯಾವ ಕೀಲು ಸವೆದಿದೆ ಎಂಬುದೂ ಗೊತ್ತಾಗುತ್ತದೆ. ಹೊಟ್ಟೆಯ ಕೆಳಗೆ ಕೆಸರಿನಲ್ಲಿ ಮುಳುಗೇಳುವ ಈ ಸೂಜಿ ಬೇರಿಂಗುಗಳಿಗೆ ಪ್ರೆಷರ್ ವಾಷರ್ ನೀರು ನುಗ್ಗಿ ಗ್ರೀಸ್ ತೊಳೆದುಹೋಗುತ್ತದೆ, ಬಿಚ್ಚಿ ಗ್ರೀಸ್ ಹಚ್ಚುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಅದೇ ರೀತಿ ಚಕ್ರವನ್ನು ಪಕ್ಕಕ್ಕೆ ತಳ್ಳಿ ಸ್ವಿಂಗ್ ಆರ್ಮ್ ಪರೀಕ್ಷಿಸು, ಮುಂದಿನ ಫೋರ್ಕನ್ನು ಹಿಂದೆ ಮುಂದೆ ಅಲುಗಿಸಿ ಹ್ಯಾಂಡಲಿನ ಬೇರಿಂಗ್ ನೋಡು.

ಎಲ್ಲಕ್ಕಿಂತ ಮುಖ್ಯವಾಗಿ, ಏರ್ ಫಿಲ್ಟರ್ ಹೊರತೆಗೆಯಲು ಅನುಮತಿ ಕೇಳು. ಜೇಬಿನಲ್ಲಿ ಒಂದು ಬಿಳಿ ಬಟ್ಟೆ ಇಟ್ಟುಕೊಂಡು ಹೋಗು. ಫಿಲ್ಟರಿನ ಸ್ಪಂಜು ಅಂಟಂಟಾಗಿ, ಒಂದೇ ಬಣ್ಣದ ಎಣ್ಣೆಯಲ್ಲಿ ನೆನೆದಿರಬೇಕು. ಆಮೇಲೆ ಸ್ಪಂಜಿನ ಆಚೆ ಬದಿಯನ್ನು, ಅಂದರೆ ಕಾರ್ಬ್ಯುರೇಟರಿನ ಕಡೆಗೆ ಗಾಳಿ ಹೋಗುವ ಕೊಳವೆಯ ಒಳಮೈಯನ್ನು ಬಟ್ಟೆಯಿಂದ ಒರೆಸು. ಬಟ್ಟೆಗೆ ಎಣ್ಣೆಯ ಜಿಡ್ಡಷ್ಟೇ ಹತ್ತಿದರೆ ಸಂತೋಷ. ಮರಳಿನ ಕಣ, ಒಣಗಿದ ಕೆಸರು ಹತ್ತಿದರೆ ಅದು ಪಿಸ್ಟನ್ನಿನವರೆಗೂ ಹೋಗಿದೆ ಎಂದೇ ತಿಳಿ, ಬೇರೆ ಏನೇ ಚೆನ್ನಾಗಿದ್ದರೂ ವಂದಿಸಿ ಹೊರಟುಬಿಡು. ಹೊಸ ಸ್ಟಿಕ್ಕರ್ ಹಚ್ಚುವವರು ಇಲ್ಲಿಯವರೆಗೆ ಬರುವುದು ಬಹಳ ಅಪರೂಪ.

ಗೇರ್ ಬಾಕ್ಸಿನ ಎಣ್ಣೆ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಸಾಮಾನ್ಯವಾಗಿ ಅದು ವಾಟರ್ ಪಂಪಿನ ಸೀಲು, ದೊಡ್ಡ ಖರ್ಚಲ್ಲ, ಆದರೆ ಬೆಲೆಯಲ್ಲಿ ಕಳೆಯಲೇಬೇಕು. ಫೋರ್ಕಿನ ಹೊಳೆಯುವ ಕೊಳವೆಗಳ ಮೇಲೆ ಉಗುರು ಆಡಿಸು, ಉಗುರಿಗೆ ಸಿಕ್ಕುವ ಗೀರು ಸೀಲನ್ನು ಪದೇ ಪದೇ ಹರಿಯುತ್ತದೆ. ಎಂಜಿನ್ ಕೆಳಗಿನ ರಕ್ಷಾಫಲಕ ತಗ್ಗುಬಿದ್ದಿರುವುದು ಸ್ವಾಭಾವಿಕ, ಆದರೆ ಅದನ್ನು ಹಿಡಿದಿರುವ ಚಾಸಿಯಲ್ಲಿ, ಫುಟ್‌ರೆಸ್ಟ್ ಸುತ್ತ ಬಿರುಕಾಗಲಿ ಹೊಸ ವೆಲ್ಡಿಂಗ್ ಆಗಲಿ ಇರಬಾರದು. ಹಿಂದಿನ ಟೈರಿನ ಮೇಲಿನ ರಬ್ಬರ್ ಗುಬ್ಬಿಗಳ ಅಂಚು ಚೂಪಾಗಿರಬೇಕು. ಒಂದು ಕಡೆ ದುಂಡಗಾಗಿದ್ದರೆ ಟೈರನ್ನು ತಿರುಗಿಸಿ ಹಾಕಿ ಇನ್ನೊಂದು ಅಂಚು ಬಳಸಬಹುದು, ಎರಡೂ ಕಡೆ ಹೋಗಿದ್ದರೆ ಹೊಸದಕ್ಕೆ ಹಣ ತೆಗೆದಿಡು.

ಕಾಗದಪತ್ರದಲ್ಲಿ ಸಡಿಲ ಬಿಡಬೇಡ. ಸುಮಾರು 70 ಕಿಲೋ ತೂಗುವ ಈ ಬೈಕನ್ನು ಇಬ್ಬರು ಎತ್ತಿ ವ್ಯಾನಿಗೆ ಹಾಕಿಕೊಂಡು ಹೋಗಬಹುದು, ಕಳವು ಬಹಳ. ಹ್ಯಾಂಡಲಿನ ಬುಡದ ಕೊಳವೆಯ ಮೇಲೆ ಕೊರೆದಿರುವ ಚಾಸಿ ನಂಬರನ್ನು ನೀನೇ ಓದು, ಉಜ್ಜಿದ ಗುರುತಿದ್ದರೆ ಅಲ್ಲಿಗೆ ಮಾತು ಮುಗಿಸು. ಖಾಸಗಿ ಜಮೀನಿನಲ್ಲಷ್ಟೇ ಓಡಿದ ಅನೇಕ ಟ್ರಯಲ್ಸ್ ಬೈಕುಗಳು ಎಂದೂ ರಿಜಿಸ್ಟರ್ ಆಗಿರುವುದಿಲ್ಲ, ಆದ್ದರಿಂದ ಡಿವಿಎಲ್‌ಎ ಎಂಬ ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆ ಕೊಡುವ ವಿ5ಸಿ ನೋಂದಣಿ ಪತ್ರ ಇಲ್ಲ ಎಂದ ಮಾತ್ರಕ್ಕೆ ಅದು ಕಳ್ಳಮಾಲಲ್ಲ. ಅಂಥ ಗಾಡಿಗೆ ಮೊದಲ ಖರೀದಿಯ ಬಿಲ್ಲು, ಬಿಡಿಭಾಗಗಳ ರಸೀದಿ ಕೇಳು. ಮಾರುವವನ ಮನೆಯಲ್ಲೇ ನೋಡು, ಹೆದ್ದಾರಿ ಬದಿಯ ಪಾರ್ಕಿಂಗಿನಲ್ಲಿ ಸಿಗೋಣ ಎಂದವನ ಹತ್ತಿರ ಹೋಗಬೇಡ. ಚಾಸಿ ನಂಬರು ಬರೆದು ಇಬ್ಬರೂ ಸಹಿ ಮಾಡಿದ ರಸೀದಿ ಪಡೆಯದೆ ಹಣ ಕೊಡಬೇಡ.

ಬೆಲೆಯ ವಿಚಾರ. 1500ರಿಂದ 3000 ಪೌಂಡಿನ ನಡುವೆ ಕಲಿಯಲು ಯೋಗ್ಯವಾದ ಗಾಡಿಗಳು ಸಿಗುತ್ತವೆ. ನಿನ್ನ ಬಳಿ 2500 ಇದೆ ಎಂದು ಬರೆದಿದ್ದೀಯ, ಅದಷ್ಟನ್ನೂ ಬೈಕಿಗೆ ಸುರಿಯಬೇಡ. ಗಟ್ಟಿ ಟ್ರಯಲ್ಸ್ ಬೂಟು, ಹೆಲ್ಮೆಟ್, ಕೈಗವಸು, ಒಂದು ಹಿಂದಿನ ಟೈರು, ಚೈನು ಸ್ಪ್ರಾಕೆಟ್, ಒಂದಿಷ್ಟು ಬೇರಿಂಗ್ ಇವಕ್ಕೆಂದು 500 ಪೌಂಡಾದರೂ ಮೀಸಲಿಡು. ಹ್ಯಾಂಡಲಿಗೆ ಕೂರುವ ಲ್ಯಾನ್ಯಾರ್ಡ್ ಸ್ವಿಚ್ ಇಲ್ಲದಿದ್ದರೆ ಅದನ್ನೂ ಸೇರಿಸು. ಬಿದ್ದಾಗ ಮಣಿಕಟ್ಟಿನ ದಾರ ಎಳೆದು ಎಂಜಿನ್ ನಿಲ್ಲಿಸುವ ಸಾಧನ ಅದು, ಅದಿಲ್ಲದೆ ಸೆಕ್ಷನ್ನಿಗೆ ಇಳಿಯಲು ನಾನು ನಿನ್ನನ್ನು ಬಿಡುವುದಿಲ್ಲ.

ಇನ್ನೊಂದು ಕೋರಿಕೆ. ಕೊಳ್ಳುವ ಮುನ್ನ ಒಂದು ಭಾನುವಾರ ಇಲ್ಲಿನ ಕ್ಲಬ್ಬಿನ ಟ್ರಯಲ್‌ಗೆ ಬಂದು ಅಬ್ಸರ್ವರ್ ಆಗಿ ನಿಲ್ಲು. ಅಂಕ ಬರೆಯುವವರ ಕೊರತೆ ಕ್ಲಬ್ಬುಗಳಿಗೆ ಸದಾ ಇದ್ದೇ ಇದೆ, ಸಂತೋಷದಿಂದ ಬರಮಾಡಿಕೊಳ್ಳುತ್ತಾರೆ. ಒಂದೇ ಸೆಕ್ಷನ್ನಿನ ಬಳಿ ನಿಂತು ಹತ್ತಾರು ಮಂದಿ ಒಂದೇ ಬಂಡೆಯನ್ನು ಏರುವುದನ್ನು ನೋಡಿದರೆ, ಎಂಜಿನ್ ಎಷ್ಟು ಮೆತ್ತಗೆ ಓಡಬೇಕು, ಕಾಲು ಎಲ್ಲಿ ತಪ್ಪುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಕ್ಲಬ್ಬಿನವರ ನಡುವೆಯೇ ಕೈಬದಲಾಗುವ ಗಾಡಿಗಳು ಅನೇಕ, ಅವುಗಳ ಇತಿಹಾಸ ಎಲ್ಲರಿಗೂ ಗೊತ್ತಿರುತ್ತದೆ, ನನ್ನ ಮಟ್ಟಿಗೆ ಅದಕ್ಕಿಂತ ಭದ್ರವಾದ ಖರೀದಿ ಇನ್ನೊಂದಿಲ್ಲ. ಓಡಿಸಲು ಜಾಗವೂ ಕ್ಲಬ್ಬಿನಿಂದಲೇ ಸಿಗಬೇಕು. ಈ ದೇಶದಲ್ಲಿ ಕಂಡ ಗುಡ್ಡಕ್ಕೆಲ್ಲ ಬೈಕ್ ಹತ್ತಿಸುವಂತಿಲ್ಲ, ಪೊಲೀಸರು ಗಾಡಿ ಜಪ್ತಿ ಮಾಡುತ್ತಾರೆ.

ಬೀಟಾ ನೋಡಲು ಶನಿವಾರ ಹೋಗುವುದಾದರೆ ಶುಕ್ರವಾರ ರಾತ್ರಿಯೇ ತಿಳಿಸು, ಪೆಟ್ಟಿಗೆ, ಸ್ಪ್ಯಾನರು, ಬಿಳಿ ಬಟ್ಟೆ ಹಿಡಿದು ನಾನೂ ಬರುತ್ತೇನೆ. ಮನೆಗೆ ತಂದ ಮೇಲೆ ಟ್ಯಾಂಕಿನಲ್ಲಿರುವ ಹಳೆಯ ಪೆಟ್ರೋಲನ್ನು ಖಾಲಿ ಮಾಡಿ ಹೊಸದಾಗಿ ಬೆರೆಸಿ ಹಾಕು. ಐದು ಲೀಟರಿಗೆ 60ರಿಂದ 80 ಮಿಲಿಲೀಟರ್ ಒಳ್ಳೆಯ ಸಿಂಥೆಟಿಕ್ ಟೂ ಸ್ಟ್ರೋಕ್ ಆಯಿಲ್ ಸಾಕು. ಯೆಜ್ಡಿಯ ಲೆಕ್ಕದಲ್ಲಿ ಸುರಿದರೆ ಪ್ಲಗ್ಗು, ಸೈಲೆನ್ಸರ್ ಎರಡೂ ಕಟ್ಟಿಕೊಳ್ಳುತ್ತವೆ. ಹಿಂದಿನ ಟೈರಿಗೆ 4ರಿಂದ 5 ಪಿಎಸ್‌ಐ ಗಾಳಿ, ಅಷ್ಟು ಕಡಿಮೆ ಒತ್ತಡ ತೋರಿಸುವ ಮೀಟರನ್ನು ನಾನೇ ತರುತ್ತೇನೆ, ನೀನು ಕೊಳ್ಳಬೇಡ.

ಇಂತಿ,
ನಿನ್ನ ಗೆಳೆಯ