ಗೂಡು ತೂತಾಗದಂತೆ ನೋಡಿಕೊಂಡವರಿಗೆ

ಕೋವಿಡ್‌ನ ಜಾಗತಿಕ ತುರ್ತು ಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಸಾರಿತು. ಅಂದೇ ಹೇಳಬೇಕಿದ್ದ ಮಾತು ಇದು, ತಡವಾಗಿದೆ. ರಾಮನಗರ, ಶಿಡ್ಲಘಟ್ಟ, ಕೋಲಾರದ ಕಡೆ ರೇಷ್ಮೆಯನ್ನೇ ನೆಚ್ಚಿದ ಮನೆಗಳ ಪರವಾಗಿ, ಆ ದಿನಗಳಲ್ಲಿ ರೇಷ್ಮೆಗೂಡಿನ ವ್ಯಾಪಾರ ಹಳ್ಳ ಹಿಡಿಯದಂತೆ ಕಾದ ಎಲ್ಲರಿಗೂ ನಮಸ್ಕಾರ.

ರೇಷ್ಮೆ ಏನು ಹಾಲೇ, ತರಕಾರಿಯೇ, ಮೂರು ವಾರ ನಿಲ್ಲಿಸಿದರೆ ಆಗುವುದೇನು ಎಂದು ಕೇಳಿದವರಿದ್ದರು. ನಿಲ್ಲಿಸಲು ಬರುವುದಿಲ್ಲ. ಚಾಕಿ ಮರಿ, ಅಂದರೆ ಆಗತಾನೇ ಮೊಟ್ಟೆಯೊಡೆದ ಹುಳ, ಗೂಡಾಗಲು ಹತ್ತಿರ ಹತ್ತಿರ ಒಂದು ತಿಂಗಳು. 2020ರ ಮಾರ್ಚ್ 25ಕ್ಕೆ 21 ದಿನಗಳ ಲಾಕ್‌ಡೌನ್ ಶುರುವಾದಾಗ ಹುಳ ಆಗಲೇ ಸೊಪ್ಪು ಮೇಯುತ್ತಿತ್ತು. ಮಿಶ್ರತಳಿ ಹುಳದ ಗೂಡನ್ನು ಚಂದ್ರಿಕೆಯಿಂದ (ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆ) ಬಿಡಿಸುವುದು, ಗೂಡು ಕಟ್ಟಲು ಸಿದ್ಧವಾದ ಹಣ್ಣು ಹುಳವನ್ನು ಅದರ ಮೇಲೆ ಬಿಟ್ಟ ಐದಾರು ದಿನಕ್ಕೆ. ಹತ್ತು ಹನ್ನೆರಡು ದಿನಕ್ಕೆಲ್ಲ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ಆಮೇಲೆ ಅದರಲ್ಲಿ ಎಳೆ ಬಿಚ್ಚಲಾಗದು. ಬಿಸಿಗಾಳಿಯಲ್ಲಿ ಒಣಗಿಸಿ ಇಡೋಣವೆಂದರೆ ಹಳ್ಳಿಮನೆಯಲ್ಲಿ ಆ ಯಂತ್ರವಿಲ್ಲ. ಇದ್ದರೂ ನೂರು ಕಿಲೋ ಹಸಿಗೂಡು ಪೂರ್ತಿ ಒಣಗಿದರೆ ಉಳಿಯುವುದು ಸುಮಾರು ನಲವತ್ತು ಕಿಲೋ. ರೈತನಿಗೆ ದುಡ್ಡು ಸಿಗುವುದು ಹಸಿಗೂಡಿನ ತೂಕಕ್ಕೆ. ಹಾಗಾಗಿ ಕೈಯಲ್ಲಿದ್ದದ್ದು ನಾಲ್ಕೈದು ದಿನ ಅಷ್ಟೇ. ಆ ನಾಲ್ಕೈದು ದಿನದೊಳಗೆ ಗೂಡಿನ ಚೀಲ ಸಾಗಿಸಿದ ಟೆಂಪೋ ಚಾಲಕರಿಗೆ, ತೂಕದ ಕಟ್ಟೆಯಲ್ಲಿ ಮಾಸ್ಕ್ ಕಟ್ಟಿಕೊಂಡೇ ಚೀಲ ಹೊತ್ತ ಹಮಾಲರಿಗೆ ಮೊದಲ ವಂದನೆ.

ಸೋಂಕು ತಡೆಯುವುದು ರೇಷ್ಮೆ ಬೆಳೆಗಾರರಿಗೆ ಹೊಸ ಪಾಠವಲ್ಲ. ಬೆಳೆ ಮುಗಿದೊಡನೆ ಶೇ 0.3ರ ಸುಣ್ಣದ ನೀರಿಗೆ ಶೇ 2ರಷ್ಟು ಬ್ಲೀಚಿಂಗ್ ಪುಡಿ ಕಲಸಿ ಹುಳುಮನೆಗೆ ಹೊಡೆಯುತ್ತಾರೆ, ಕೈ ತೊಳೆಯದೆ ಹುಳದ ಹಾಸಿಗೆ ಮುಟ್ಟುವುದಿಲ್ಲ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಆದರೆ ಈ ಅಭ್ಯಾಸವೇ ಸ್ವಲ್ಪ ದಾರಿ ತಪ್ಪಿಸಿತು ಎನ್ನಬೇಕು. ಹಾಲುತೊಂಡೆಯಂಥ ಹುಳದ ರೋಗ ಹರಡುವುದು ಸೊಪ್ಪು, ದೂಳು, ಹಿಕ್ಕೆಯಿಂದ. ಕೊರೊನಾ ಹರಡಿದ್ದು ಹೆಚ್ಚಾಗಿ ಉಸಿರಿನಿಂದ. ನೆಲ ತೊಳೆಯಲು ತೋರಿದ ಶ್ರದ್ಧೆ ಕಿಟಕಿ ತೆರೆಯಲು ಬರಲು ತಿಂಗಳುಗಳೇ ಹಿಡಿದವು. ಜನರ ಮೈಮೇಲೆ ಸೋಂಕುನಿವಾರಕ ಸಿಂಪಡಿಸಬೇಡಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ಹೇಳಿತ್ತು. ಆ ಮಾತನ್ನು ಕೇಳಿ, ಹಾದುಹೋಗುವವರ ಮೇಲೆ ಸಿಂಪಡಿಸುವ ಕಮಾನಿಗೆ ಸುರಿಯಬಹುದಿದ್ದ ದುಡ್ಡನ್ನು ಮಾಸ್ಕು, ಸಾಬೂನಿಗೆ ಹಾಕಿದವರಿಗೆ ವಿಶೇಷ ವಂದನೆ.

ಹರಾಜಿನ ಕಟ್ಟೆಯೇ ಕಷ್ಟದ ಜಾಗ. ಇ-ಹರಾಜಿನಲ್ಲಿ ಬೆಲೆಯನ್ನು ಮೊಬೈಲಿನಿಂದ ಕೂಗಬಹುದು, ಆದರೆ ಗೂಡನ್ನು ಕೈಯಲ್ಲಿ ಹಿಸುಕಿ, ಒಂದೆರಡನ್ನು ಕತ್ತರಿಸಿ ನೋಡದೆ ಯಾವ ರೀಲರೂ (ಗೂಡಿನಿಂದ ನೂಲು ತೆಗೆಸುವವರು) ಬೆಲೆ ಹಾಕುವುದಿಲ್ಲ. ಒಂದೊಂದು ಲಾಟಿನ, ಅಂದರೆ ಒಬ್ಬ ರೈತನ ಗೂಡಿನ ರಾಶಿಯ, ಸುತ್ತ ಹತ್ತು ತಲೆ ಬಗ್ಗುವುದು ಅಲ್ಲೇ. ಲಾಟಿಗೊಬ್ಬರೇ ರೈತರು ಬಂದು, ರೀಲರುಗಳು ಸರದಿಯಲ್ಲಿ ನೋಡಿದ ಕಡೆ ವ್ಯಾಪಾರ ನಿಧಾನವಾಯಿತು, ನಿಲ್ಲಲಿಲ್ಲ. ಒಂದು ದೂರನ್ನೂ ಹೇಳಿಬಿಡೋಣ: 2021ರ ಮೇ ತಿಂಗಳಲ್ಲಿ ಅಂಗಡಿಗಳಿಗೆ ಬೆಳಿಗ್ಗೆ 6ರಿಂದ 10 ಗಂಟೆ ಎಂದು ಗೆರೆ ಎಳೆದದ್ದು ಜಂಗುಳಿಯನ್ನು ಕಡಿಮೆ ಮಾಡಲಿಲ್ಲ, ನಾಲ್ಕು ಗಂಟೆಯೊಳಗೆ ತುರುಕಿತು. ಹೊತ್ತನ್ನು ಹಿಗ್ಗಿಸಿ ಜನರನ್ನು ಹಂಚಿದ್ದರೆ ಚೆನ್ನಾಗಿತ್ತು.

ಗೂಡು ಬೇಯಿಸಿ ನೂಲು ತೆಗೆಯುವ ಬಿಚ್ಚಾಣಿಕೆ ಮನೆಗಳದ್ದು ಬೇರೆ ಕಥೆ. ಕುದಿನೀರಿನ ಹಬೆಗೆ ಮಾಸ್ಕು ಅರ್ಧ ಗಂಟೆಯಲ್ಲಿ ಒದ್ದೆ, ಒದ್ದೆ ಮಾಸ್ಕಿನಲ್ಲಿ ಉಸಿರಾಟ ಕಷ್ಟ, ಆಗ ಅದು ಗಲ್ಲಕ್ಕೆ ಇಳಿಯುತ್ತದೆ. ಆಳಿಗೆ ಮೂರ್ನಾಲ್ಕು ಬಟ್ಟೆ ಮಾಸ್ಕು ಕೊಟ್ಟು ಬದಲಾಯಿಸಲು ಬಿಟ್ಟ ಮಾಲೀಕರಿದ್ದರು. ಅದಕ್ಕಿಂತ ದೊಡ್ಡದು, ಜ್ವರವೆಂದು ಮನೆಯಲ್ಲಿ ಕೂತವರ ಕೂಲಿ ಮುರಿಯದೇ ಇದ್ದದ್ದು. ಕೂಲಿ ಹೋಗುತ್ತದೆಂದರೆ ಯಾರು ತಾನೇ ಕೆಮ್ಮನ್ನು ಒಪ್ಪಿಕೊಳ್ಳುತ್ತಾರೆ? ಥರ್ಮಲ್ ಸ್ಕ್ಯಾನರ್‌ಗೆ ಮುನ್ನ ಮಾತ್ರೆ ನುಂಗಿ ಬರುತ್ತಾರೆ. 2020ರ ಏಪ್ರಿಲ್‌ನಿಂದ ತಲೆಗೆ 5 ಕಿಲೋ ಉಚಿತ ಪಡಿತರ ಬಂದದ್ದೂ ಮನೆಯಲ್ಲಿ ಉಳಿಯುವ ಧೈರ್ಯ ಕೊಟ್ಟಿತು.

ಮಾರುಕಟ್ಟೆ ತೆರೆದಿದ್ದರೂ ಕೂಗುವವರಿಲ್ಲದ ದಿನಗಳಿದ್ದವು. ಮದುವೆಗೆ 50 ಜನ ಎಂದಾಗ ಸೀರೆ ನಿಂತಿತು, ಮಗ್ಗ ನಿಂತಿತು, ನೂಲು ರೀಲರ್ ಮನೆಯಲ್ಲೇ ಕೂತಿತು. ಒಂದು ಕಿಲೋ ನೂಲಿಗೆ ಸುಮಾರು ಏಳು ಕಿಲೋ ಮಿಶ್ರತಳಿ ಗೂಡು ಬೇಕು. ನೂಲು ಮಾರಿದ ದುಡ್ಡಲ್ಲೇ ನಾಳೆಯ ಗೂಡು ಕೊಳ್ಳುವವರು ಅವರು. ನೂಲನ್ನು ಒತ್ತೆ ಇಟ್ಟುಕೊಂಡು ದುಡ್ಡು ಕೊಟ್ಟವರಿಂದ ಚರಕ ತಿರುಗಿತು, ಅವರನ್ನು ಮರೆಯುವಂತಿಲ್ಲ.

ಕೊನೆಗೆ ಆಶಾ ಅಕ್ಕಂದಿರು. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳ ಒಂದು ವಾರ ಬಿಡದೆ ಮೇಯುತ್ತದೆ; ಆಗ ಲಸಿಕೆ ಹಾಕಿಸಿಕೊಂಡು ಮೈಕೈ ನೋವೆಂದು ಮಲಗಿದರೆ ಸೊಪ್ಪು ಕೊಯ್ಯುವವರಿಲ್ಲ. ಇದನ್ನರಿತ ಅಕ್ಕಂದಿರು ಹುಳ ಜ್ವರಕ್ಕೆ ಕೂತ ದಿನ ಕೇಳಿ ಹೆಸರು ಬರೆದುಕೊಂಡರು. ಆ ದಿನ ಸೊಪ್ಪು ಹಾಕುವ ಹಾಗೇ ಇಲ್ಲ. ಹುಳಕ್ಕೂ ಸಾಕಿದವರಿಗೂ ಒಟ್ಟಿಗೇ ಜ್ವರ ಬಂದರೆ ಹೇಗೋ ನಡೆಯುತ್ತದೆ.